ಎರಡು ಬಣ್ಣವಾ, ಮೂರು ಬಣ್ಣವಾ? ಕನ್ನಡ ಬಾವುಟದ ಇತಿಹಾಸ ಗೊತ್ತಿರುವವರು ಹೇಳಿ

ಜಯನಗರ_ಜಂಗಮ:
ನಮ್ಮ ಅಪಾರ್ಟ್‌ಮೆಂಟಿನಲ್ಲಿ ರಾಜ್ಯೋತ್ಸವಕ್ಕೆ ಬಾವುಟ ತರಿಸುವ ವಿಷಯಕ್ಕೆ ವಾಟ್ಸ್ಯಾಪ್ ಗುಂಪಿನಲ್ಲಿ ದೊಡ್ಡ ಗಲಾಟೆ ಎದ್ದಿದೆ. ಒಬ್ಬರು ಹಳದಿ-ಕೆಂಪು ಸಾಕು ಅಂತಾರೆ. ಇನ್ನೊಬ್ಬರು, ಇಲ್ಲ, 2018ರಲ್ಲಿ ಸರ್ಕಾರವೇ ಹೊಸದು ಮಾಡಿದೆ, ನಡುವೆ ಬಿಳಿ ಪಟ್ಟಿ, ಅದರಲ್ಲಿ ಗಂಡಭೇರುಂಡ, ಅದೇ ಅಧಿಕೃತ ಅಂತ ಪಟ್ಟು ಹಿಡಿದಿದ್ದಾರೆ. ಮೂರನೆಯವರು ರಾಜ್ಯಕ್ಕೆ ಬಾವುಟ ಇಟ್ಟುಕೊಳ್ಳೋದೇ ಕಾನೂನಿಗೆ ವಿರುದ್ಧ ಅಂತ ಉದ್ದುದ್ದ ಮೆಸೇಜ್ ಹಾಕುತ್ತಿದ್ದಾರೆ. ಯಾರು ಹೇಳ್ತಿರೋದು ಸರಿ? ಇಲ್ಲೂ ಜಗಳ ಶುರು ಮಾಡಬೇಡಿ ದಯವಿಟ್ಟು, ವಿಷಯ ಗೊತ್ತಿರುವವರು ಬರೀರಿ.

ಹಳೇಪೇಟೆ:
ಎರಡು ಬಣ್ಣದ್ದೂ ಅಧಿಕೃತ ಅಲ್ಲ, ಮೂರು ಬಣ್ಣದ್ದೂ ಅಲ್ಲ. ಇದನ್ನು ಗುಂಪಿನಲ್ಲಿ ಮೊದಲೇ ಹೇಳಿಬಿಡಿ, ಅರ್ಧ ಗಲಾಟೆ ತಣ್ಣಗಾಗುತ್ತೆ.

ಹಳದಿ-ಕೆಂಪು ಬಾವುಟ ಹುಟ್ಟಿದ್ದು ಯಾವ ಸರ್ಕಾರಿ ಕಚೇರಿಯಲ್ಲೂ ಅಲ್ಲ. 1960ರ ದಶಕದ ಬೆಂಗಳೂರಿನ ಕನ್ನಡ ಚಳವಳಿಯಲ್ಲಿ ಹುಟ್ಟಿದ್ದು. ಅದನ್ನು ಕೊಟ್ಟವರು ಮ. ರಾಮಮೂರ್ತಿ. ಬಾವುಟ ಎಲ್ಲರಿಗೂ ಗೊತ್ತು, ಅವರ ಹೆಸರು ಹೇಳಿದರೆ ಹತ್ತರಲ್ಲಿ ಒಂಬತ್ತು ಜನ ಯಾರವರು ಅಂತ ಕೇಳುತ್ತಾರೆ. ವೀರಕೇಸರಿ ಸೀತಾರಾಮ ಶಾಸ್ತ್ರಿಗಳ ಮಗ, ಪತ್ರಕರ್ತರು, ಪತ್ತೇದಾರಿ ಕಾದಂಬರಿಗಳನ್ನು ಸಾಲುಸಾಲಾಗಿ ಬರೆದವರು.

ಆಗಿನ ಪರಿಸ್ಥಿತಿ ನೆನಪಿಟ್ಟುಕೊಳ್ಳಬೇಕು. 1956ರಲ್ಲಿ ಏಕೀಕರಣ ಆಗಿದೆ, ಆದರೆ ರಾಜ್ಯದ ಹೆಸರು ಇನ್ನೂ ಮೈಸೂರು. ಅದು ಕರ್ನಾಟಕ ಆಗೋದು 1973ರ ನವೆಂಬರ್ 1ಕ್ಕೆ. ರಾಜಧಾನಿಯ ಟಾಕೀಸುಗಳಲ್ಲಿ ಬೇರೆ ಭಾಷೆಯ ಸಿನಿಮಾಗಳದ್ದೇ ಭರಾಟೆ. ರಾಮೋತ್ಸವದ ಸಂಗೀತ ಕಛೇರಿಗಳಲ್ಲೂ ಹೊರಗಿನವರಿಗೇ ಮಣೆ. 1962ರಲ್ಲಿ ಅ.ನ.ಕೃ. ಮುಂದೆ ನಿಂತು ಇದರ ವಿರುದ್ಧ ದನಿ ಎತ್ತಿದರು. ರಾಮಮೂರ್ತಿಯವರೂ ಜೊತೆಗಿದ್ದರು. ಆಮೇಲೆ ಅವರು ‘ಕನ್ನಡ ಪಕ್ಷ’ ಅಂತ ಒಂದು ರಾಜಕೀಯ ಪಕ್ಷವನ್ನೇ ಕಟ್ಟಿದರು. ಹೊರರಾಜ್ಯದ ಪಕ್ಷಗಳ ಬಾವುಟ ಬೆಂಗಳೂರಿನ ಬೀದಿಯಲ್ಲಿ ಹಾರುವುದನ್ನು ನೋಡಿ, ನಮ್ಮದೂ ಒಂದು ಯಾಕಿಲ್ಲ ಅನ್ನಿಸಿತು ಅಂತ ಹಳೆಯ ಹೋರಾಟಗಾರರು ಹೇಳುತ್ತಾ ಬಂದಿದ್ದಾರೆ.

ಶುರುವಿನ ಬಾವುಟದ ನಡುವೆ ಕರ್ನಾಟಕದ ನಕಾಶೆ, ಭತ್ತದ ತೆನೆ ಎಲ್ಲ ಇತ್ತು. ಜನರ ಕೈಗೆ ಬರುವಷ್ಟರಲ್ಲಿ ನಕಾಶೆಯೂ ಹೋಯಿತು, ತೆನೆಯೂ ಹೋಯಿತು. ಮೇಲೆ ಹಳದಿ, ಕೆಳಗೆ ಕೆಂಪು, ಅಷ್ಟೇ ಉಳಿಯಿತು. ಪಕ್ಷವೂ ಉಳಿಯಲಿಲ್ಲ. ರಾಮಮೂರ್ತಿಯವರು 1967ರ ಡಿಸೆಂಬರಿನಲ್ಲಿ ಬೆಂಗಳೂರಿನ ಹೊರಗೆ ತಮ್ಮ ಜಮೀನಿನಲ್ಲಿ ಬಾವಿ ತೋಡಿಸುವಾಗ ಮಣ್ಣು ಕುಸಿದು ಇಬ್ಬರು ಗಂಡುಮಕ್ಕಳ ಜೊತೆ ತೀರಿಕೊಂಡರು. ಐವತ್ತು ತುಂಬಿರಲಿಲ್ಲ ಅವರಿಗೆ.

ಪಕ್ಷದ ಬಾವುಟವಾಗಿ ಹುಟ್ಟಿದ್ದು ಪಕ್ಷ ಹೋದ ಮೇಲೆ ಎಲ್ಲರದೂ ಆಯಿತು. ನನ್ನ ಪ್ರಕಾರ ಇಡೀ ಕಥೆಯಲ್ಲಿ ಇದೇ ದೊಡ್ಡ ವಿಷಯ. ಯಾರೂ ಆದೇಶ ಹೊರಡಿಸಲಿಲ್ಲ. 1982ರ ಗೋಕಾಕ್ ಚಳವಳಿ ಹೊತ್ತಿಗೆ ಅದನ್ನು ಯಾರಿಗೂ ಪರಿಚಯ ಮಾಡಿಕೊಡುವ ಅಗತ್ಯವೇ ಇರಲಿಲ್ಲ.

ಪಿಯುಸಿ_ಪುಟ್ಟಿ:
ಹಳದಿ ಅಂದ್ರೆ ಅರಿಶಿನ, ಕೆಂಪು ಅಂದ್ರೆ ಕುಂಕುಮ ಅಲ್ವಾ ಅಂಕಲ್? ಸ್ಕೂಲಲ್ಲಿ ಹಾಗೇ ಹೇಳಿಕೊಟ್ಟಿದ್ರು. ಆದ್ರೆ ಇನ್ನೊಂದು ಕಡೆ ಹಳದಿ ಶಾಂತಿ, ಕೆಂಪು ಕ್ರಾಂತಿ ಅಂತ ಓದಿದೆ. ಭಾಷಣಕ್ಕೆ ಯಾವುದು ಬರೀಲಿ?

ಹಳೇಪೇಟೆ:
ಎರಡೂ ಬರಿ ಮಗಳೇ. ಚಳವಳಿಯ ವೇದಿಕೆಯಲ್ಲಿ ಶಾಂತಿ-ಕ್ರಾಂತಿ ಅಂತ ಹೇಳುತ್ತಿದ್ದರು, ಮನೆಮನೆಯಲ್ಲಿ ಅರಿಶಿನ-ಕುಂಕುಮ ಅಂದುಕೊಂಡರು. ರಾಮಮೂರ್ತಿಯವರ ಹೆಸರನ್ನೂ ಮರೀದೆ ಹೇಳು, ತೀರ್ಪುಗಾರರಿಗೇ ಗೊತ್ತಿರಲ್ಲ.

ಕಲಬುರಗಿ_ಬಿಸಿಲು:
ಅರಿಶಿನ-ಕುಂಕುಮ ಅಂತ ಹೇಳಿದ್ರೆ ಅರ್ಧ ಜನರನ್ನ ಹೊರಗೆ ಇಟ್ಟಂಗೆ ಆಗಲ್ವಾ? ನಮ್ಮ ಓಣಿಯ ಆಟೋ ಸ್ಟ್ಯಾಂಡಿನಲ್ಲಿ ಅಕ್ಟೋಬರ್ ಕೊನೆಗೆ ಮೊದಲು ಬಾವುಟ ಕಟ್ಟುವವರೇ ಮುಸ್ಲಿಂ ಡ್ರೈವರ್‌ಗಳು. ಅವರಿಗೆ ಆ ಲೆಕ್ಕ ಬೇಕಿಲ್ಲ. ಅವರಿಗೆ ಅದು ಕನ್ನಡದ ಬಾವುಟ, ಅಷ್ಟೇ. ಬಣ್ಣಕ್ಕೆ ಅರ್ಥ ಹುಡುಕುತ್ತಾ ಹೋದಷ್ಟೂ ಸಣ್ಣದಾಗುತ್ತೆ ಅನ್ಸುತ್ತೆ ನನಗೆ.

ಹಳೇಪೇಟೆ:
ಒಪ್ಪಿದೆ.

ಮಲೆನಾಡ_ಮಳೆ:
ಸ್ವಲ್ಪ ಬೇರೆ ಮಾತು. ಹಳದಿ-ಕೆಂಪಿನ ಬಗ್ಗೆ ಪ್ರೀತಿ ಇದೆ, ಇಲ್ಲ ಅನ್ನಲ್ಲ. ಆದರೆ ಸಾವಿರದೈನೂರು ವರ್ಷದ ರಾಜ್ಯಭಾರದ ಇತಿಹಾಸ ಇರುವ ನಾಡಿಗೆ ಬರೀ ಎರಡು ಪಟ್ಟಿ ಸಾಕಾ? ಬನವಾಸಿಯ ಕದಂಬರಿಗೆ ಸಿಂಹ ಲಾಂಛನ, ವಾನರ ಧ್ವಜ. ಚಾಲುಕ್ಯರಿಗೆ ವರಾಹ. ಗಂಡಭೇರುಂಡ ಬರೀ ಮೈಸೂರು ಅರಸರ ಆಸ್ತಿ ಅಂತ ಹೇಳುವವರು ಒಮ್ಮೆ ಶಿರಾಳಕೊಪ್ಪದ ಹತ್ತಿರ ಬಳ್ಳಿಗಾವಿಗೆ ಬಂದು ನೋಡಿ. ಅಲ್ಲಿ ಎತ್ತರದ ಕಲ್ಲುಕಂಬ ಇದೆ, 1047ರದ್ದು, ಗಂಡಭೇರುಂಡನ ಹೆಸರಿನದ್ದೇ. ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಒಡೆಯರಿಗಿಂತ ಎಷ್ಟೋ ಹಿಂದಿನದು. ಆಮೇಲೆ ವಿಜಯನಗರದ ಅಚ್ಯುತರಾಯನ ನಾಣ್ಯದಲ್ಲೂ ಅದು ಬಂತು. ಅಂಥದ್ದನ್ನು ಬಾವುಟದ ನಡುವೆ ಹಾಕಿದರೆ ತಪ್ಪೇನು?

ಕಲಬುರಗಿ_ಬಿಸಿಲು:
ಬಳ್ಳಿಗಾವಿ ಕಂಬ ನಾನೂ ನೋಡಿದ್ದೀನಿ, ಚೆನ್ನಾಗಿದೆ. ಆದರೆ 2018ರ ಬಾವುಟದಲ್ಲಿ ಇರೋದು ಬಳ್ಳಿಗಾವಿ ಗಂಡಭೇರುಂಡ ಅಲ್ಲ ಸಾರ್. ರಾಜ್ಯ ಸರ್ಕಾರದ ಲಾಂಛನ ಇದ್ದಂಗೆ ಇಟ್ಟಿದ್ದಾರೆ. ಅದು ಮೈಸೂರು ಸಂಸ್ಥಾನದ ಲಾಂಛನದಿಂದ ಬಂದದ್ದು. ನಾವು 1948ರ ಸೆಪ್ಟೆಂಬರ್ 17ರ ತನಕ ನಿಜಾಮರ ಕೆಳಗೆ ಇದ್ದವರು. ನಮ್ಮಜ್ಜನಿಗೆ ಗಂಡಭೇರುಂಡ ಅಂದ್ರೆ ಏನು ಗೊತ್ತಿತ್ತು? ನಮ್ಮ ಕಡೆಯ ಮಳಖೇಡದಿಂದ ಆಳಿದ ರಾಷ್ಟ್ರಕೂಟರಿಗೆ ಗರುಡ ಲಾಂಛನ. ನಾಳೆ ನಾವು ಗರುಡ ಹಾಕಿ ಅಂತ ಕೂತರೆ? ಬೀದರಿಂದ ಚಾಮರಾಜನಗರದ ತನಕ ಯಾರ ರಾಜನದ್ದೂ ಅಲ್ಲದ ಬಾವುಟ ಒಂದಿದೆ. ಹಂಗಾಗಿಯೇ ಅದು ಎಲ್ಲರಿಗೂ ಒಗ್ಗಿದೆ.

ಟೈಲರ್_ಮಗ:
ಇತಿಹಾಸ ದೊಡ್ಡವರು ಹೇಳ್ತಿದ್ದಾರೆ, ನಾನು ಬಟ್ಟೆಯ ಕಡೆಯಿಂದ ಹೇಳ್ತೀನಿ. ನಮ್ಮಪ್ಪ ಟೈಲರ್. ದಸರಾ ಮುಗಿದ ಮೇಲೆ ಅಂಗಡಿಯಲ್ಲಿ ಬ್ಲೌಸು, ಪ್ಯಾಂಟು ಎಲ್ಲ ಪಕ್ಕಕ್ಕೆ ಹೋಗಿ ಬರೀ ಬಾವುಟ ಹೊಲಿಯೋ ಕಾಲ.

ಎರಡು ಬಣ್ಣದ ಬಾವುಟಕ್ಕೆ ಬೇಕಾಗೋದು ಎರಡು ಥಾನು ಬಟ್ಟೆ. ಒಂದು ಹಳದಿ, ಒಂದು ಕೆಂಪು. ಪಾಪ್ಲಿನ್ ಆದ್ರೆ ಒಳ್ಳೆಯದು, ಮೆರವಣಿಗೆಗೆ ಮಿಂಚಬೇಕು ಅನ್ನುವವರಿಗೆ ಸಾಟಿನ್. ಉದ್ದಕ್ಕೆ ಹರಿದುಕೊಂಡು ಹೋಗೋದು, ಕತ್ತರಿ ಕೂಡ ಜಾಸ್ತಿ ಬೇಡ, ಅಂಚಿಗೆ ಸ್ವಲ್ಪ ಕತ್ತರಿಸಿ ಎಳೆದರೆ ಪಾಪ್ಲಿನ್ ನೇರವಾಗಿ ಹರಿಯುತ್ತೆ. ಎರಡು ಪಟ್ಟಿ ಸೇರಿಸಿ ನಡುವೆ ಒಂದು ಹೊಲಿಗೆ, ಅದರ ಅಂಚು ಒಳಗೆ ಮಡಚಿ ಮೇಲೆ ಇನ್ನೊಂದು ಹೊಲಿಗೆ, ಯಾಕಂದ್ರೆ ಗಾಳಿಗೆ ಮೊದಲು ಬಿಚ್ಚಿಕೊಳ್ಳೋದೇ ಅಲ್ಲಿ. ಸುತ್ತ ಮಡಚಿ ಹೊಲಿದು ಒಂದು ಕಡೆ ಕೋಲು ತೂರಿಸೋಕೆ ಅಗಲವಾಗಿ ಮಡಿಕೆ ಬಿಟ್ಟರೆ ಮುಗೀತು. ಮಷೀನ್ ಗೊತ್ತಿರುವ ಯಾರು ಬೇಕಾದರೂ ಹೊಲೀಬಹುದು. ಎರಡೂ ಕಡೆಯಿಂದ ನೋಡಿದರೂ ಒಂದೇ ತರ ಕಾಣುತ್ತೆ.

2018ರಲ್ಲಿ ಆ ಮೂರು ಬಣ್ಣದ್ದು ಬಂದಾಗ ಒಂದಿಬ್ಬರು ಬಂದು ಕೇಳಿದ್ರು. ಅಪ್ಪ ಆಗಲ್ಲ ಅಂದ್ರು. ಬಿಳಿ ಪಟ್ಟಿ ಸೇರಿಸೋದು ಕಷ್ಟ ಅಲ್ಲ. ಆ ಲಾಂಛನ ಇದೆಯಲ್ಲ, ಎರಡು ತಲೆ ಹಕ್ಕಿ, ಅಕ್ಕಪಕ್ಕ ಆನೆ ಸೊಂಡಿಲಿನ ಸಿಂಹ, ಮೇಲೆ ಅಶೋಕ ಸ್ತಂಭದ ಸಿಂಹಗಳು, ಕೆಳಗೆ ‘ಸತ್ಯಮೇವ ಜಯತೇ’ ಅಂತ ಅಕ್ಷರ, ಅದನ್ನು ಹೊಲಿಯೋಕಾಗಲ್ಲ. ಸ್ಕ್ರೀನ್ ಪ್ರಿಂಟಿಂಗ್ ಮಾಡಿಸಬೇಕು. ಬಣ್ಣಕ್ಕೊಂದು ಸ್ಕ್ರೀನ್. ತೆಳು ಬಟ್ಟೆ ಆದ್ರೆ ಹಿಂದಿನಿಂದ ಅಕ್ಷರ ತಿರುಗಾಮುರುಗಾ ಕಾಣುತ್ತೆ, ಹಿಂದೆಯೂ ಪ್ರಿಂಟ್ ಮಾಡಿದ್ರೆ ಎರಡೂ ಸೇರಿ ಕಲಸಿದಂಗೆ ಕಾಣುತ್ತೆ. ಹತ್ತು ಬಾವುಟಕ್ಕೆ ಯಾವ ಪ್ರಿಂಟಿಂಗ್‌ನವನೂ ಕೈ ಹಾಕಲ್ಲ.

ಯಾವುದು ಚೆನ್ನ ಅಂತ ಹೇಳ್ತಿಲ್ಲ. ಯಾವುದು ಹಳ್ಳಿಹಳ್ಳಿಗೆ ಹೋಗುತ್ತೆ ಅಂತ ಹೇಳ್ತಿದ್ದೀನಿ.

ಡಿಸೈನ್_ದೋಸೆ:
ಟೈಲರ್ ಅಣ್ಣ ಹೇಳಿದ್ದಕ್ಕೆ ನೂರು ಲೈಕ್. ಬಾವುಟದ ವಿನ್ಯಾಸ ಓದುವವರು ಮೊದಲು ಕಲಿಯೋ ಪಾಠವೇ ಇದು. ಚಿಕ್ಕ ಮಗು ನೆನಪಿನಿಂದ ಬಿಡಿಸೋಕೆ ಆಗಬೇಕು, ಎರಡು ಮೂರು ಬಣ್ಣ ಇರಬೇಕು, ಅಕ್ಷರ ಮತ್ತು ಮುದ್ರೆ ಇರಬಾರದು. ನಮ್ಮ ಹಳದಿ-ಕೆಂಪು ಯಾವ ಡಿಸೈನರೂ ಕೂತು ಯೋಚಿಸದೆ ಇದರಲ್ಲೆಲ್ಲ ಪಾಸ್. 2018ರದ್ದು ಕಡೆಯ ಪ್ರಶ್ನೆಯಲ್ಲಿ ಫೇಲ್. ಮುದ್ರೆ ಲೆಟರ್‌ಹೆಡ್ಡಿಗೆ ಚೆನ್ನ, ಕೈಯಳತೆ ದೂರದಿಂದ ನೋಡೋಕೆ ಅಂತ ಮಾಡಿದ್ದು. ಅದನ್ನೇ ಮೂರನೇ ಮಹಡಿಯ ಎತ್ತರಕ್ಕೆ ಏರಿಸಿದರೆ ಕೆಳಗೆ ನಿಂತವರಿಗೆ ಒಂದು ಕಲೆ ಕಾಣುತ್ತೆ.

ಇನ್ನೊಂದು ಗಮನಿಸಿ. ಫೋನಿನಲ್ಲಿ ಕನ್ನಡ ಬಾವುಟದ ಇಮೋಜಿ ಇಲ್ಲ. ಅದಕ್ಕೆ ಜನ ಏನು ಮಾಡಿದರು? ಹಳದಿ ಹೃದಯ, ಕೆಂಪು ಹೃದಯ ಅಕ್ಕಪಕ್ಕ ಹಾಕಿದರು. ಎಲ್ಲರಿಗೂ ಅರ್ಥ ಆಯಿತು! ಯಾರನ್ನೂ ಕೇಳಬೇಕಾಗಲಿಲ್ಲ. ಗಂಡಭೇರುಂಡ ಟೈಪ್ ಮಾಡಿ ನೋಡೋಣ.

ಕೊರತೆ ಒಂದಿದೆ. ಯಾವ ಹಳದಿ, ಯಾವ ಕೆಂಪು ಅಂತ ಎಲ್ಲೂ ಬರೆದಿಟ್ಟಿಲ್ಲ. ನವೆಂಬರಿನಲ್ಲಿ ಒಂದು ರಸ್ತೆಯಲ್ಲಿ ನಡೆದುಹೋದರೆ ನಿಂಬೆ ಹಳದಿಯಿಂದ ಮಾವಿನ ಹಣ್ಣಿನ ಬಣ್ಣದ ತನಕ, ಕುಂಕುಮದಿಂದ ಮೆರೂನ್ ತನಕ ಎಲ್ಲ ಸಿಗುತ್ತೆ. ಉದ್ದಗಲದ ಲೆಕ್ಕವೂ ಇಲ್ಲ. ಇದಕ್ಕೆ ಎದುರಾಗಿ ರಾಷ್ಟ್ರಧ್ವಜ ನೋಡಿ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದವರು ಮಾಡ್ತಾರೆ. ಬಟ್ಟೆ ಬಾಗಲಕೋಟೆ ಕಡೆ ತುಳಸಿಗೇರಿಯಲ್ಲಿ ನೇಯ್ದದ್ದು. ಅಳತೆ, ಬಣ್ಣ, ದಾರದ ಎಳೆ, ಹೊಲಿಗೆ, ಚಕ್ರದ 24 ಗೆರೆ, ಎಲ್ಲಕ್ಕೂ ಮಾನಕ ಸಂಸ್ಥೆಯ ನಿಯಮ ಇದೆ. ಸ್ವಲ್ಪ ತಪ್ಪಿದರೂ ಪಕ್ಕಕ್ಕೆ ಹಾಕ್ತಾರೆ. ದೇಶದ ಬಾವುಟವನ್ನು ಅಷ್ಟು ಕಟ್ಟುನಿಟ್ಟಾಗಿ ಹೊಲಿಯುವ ರಾಜ್ಯ, ತನ್ನ ಬಾವುಟಕ್ಕೆ ಒಂದು ಸಾಲಿನ ಅಳತೆಯನ್ನೂ ಇಟ್ಟುಕೊಂಡಿಲ್ಲ.

ಟೈಲರ್_ಮಗ:
ಅಳತೆ ಇಲ್ಲದೆ ಇರೋದೇ ನಮಗೆ ಅನುಕೂಲ ಸಾರ್, ಉಳಿದ ಬಟ್ಟೆ ಎಲ್ಲ ಆಟೋ ಬಾವುಟ ಆಗುತ್ತೆ 

ಕರಿಕೋಟು:
ವಕೀಲಿ ಮಾಡೋನು ನಾನು. ಕಾನೂನಿನ ಭಾಗ ಹೇಳ್ತೀನಿ, ಸ್ವಲ್ಪ ಉದ್ದ ಆಗಬಹುದು.

ರಾಜ್ಯಕ್ಕೆ ಬಾವುಟ ಇರಲಿ ಅಂತ ಸಂವಿಧಾನದಲ್ಲಿ ಎಲ್ಲೂ ಇಲ್ಲ, ಇರಬಾರದು ಅಂತಲೂ ಇಲ್ಲ. ನಿಮ್ಮ ಮೂರನೆಯವರು ಹೇಳ್ತಿರೋದು ಅಲ್ಲಿಗೇ ಬಿತ್ತು. ಇಂಥ ಚರ್ಚೆಯಲ್ಲಿ ಎಲ್ಲರೂ ಎತ್ತಿಕೊಳ್ಳೋದು ಎಸ್.ಆರ್. ಬೊಮ್ಮಾಯಿ ಪ್ರಕರಣ. 1989ರಲ್ಲಿ ನಮ್ಮ ಬೊಮ್ಮಾಯಿಯವರ ಸರ್ಕಾರವನ್ನು ವಜಾ ಮಾಡಿದ್ದಕ್ಕೆ ಹೂಡಿದ ಕೇಸು. 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಅದರ ಮುಖ್ಯ ವಿಷಯ 356ನೇ ವಿಧಿ, ಅಂದರೆ ರಾಷ್ಟ್ರಪತಿ ಆಳ್ವಿಕೆ. ಬಾವುಟದ ಪರ ಮಾತಾಡುವವರು ಅದನ್ನು ಉಲ್ಲೇಖಿಸುತ್ತಾರೆ, ಆದರೆ ಅದು ಬಾವುಟದ ಕೇಸಲ್ಲ ಅನ್ನೋದು ನೆನಪಿರಲಿ.

ಧ್ವಜ ಸಂಹಿತೆ 2002 ಏನು ಹೇಳುತ್ತೆ ಅಂದ್ರೆ, ರಾಷ್ಟ್ರಧ್ವಜಕ್ಕಿಂತ ಎತ್ತರದಲ್ಲಿ ಬೇರೆ ಬಾವುಟ ಇರಬಾರದು, ಅದೇ ಕಂಬದಲ್ಲಿ ಬೇರೆ ಬಾವುಟ ಕಟ್ಟಬಾರದು. ಕನ್ನಡ ಬಾವುಟಕ್ಕೆ ಬೇರೆ ಕಂಬ, ಎತ್ತರ ಕಮ್ಮಿ, ಅಷ್ಟು ನೋಡಿಕೊಂಡರೆ ಅಪಾರ್ಟ್‌ಮೆಂಟಿನಲ್ಲಿ ಹಾರಿಸೋಕೆ ಯಾರ ಅಪ್ಪಣೆಯೂ ಬೇಡ.

ತೊಂದರೆ ಬರೋದು ಸರ್ಕಾರ ಕೈ ಹಾಕಿದಾಗ. 2012ರಲ್ಲಿ ಸದಾನಂದ ಗೌಡರ ಸರ್ಕಾರ ನವೆಂಬರ್ 1ಕ್ಕೆ ಸರ್ಕಾರಿ ಕಚೇರಿಗಳ ಮೇಲೆ ಕನ್ನಡ ಬಾವುಟ ಹಾರಿಸುವುದನ್ನು ಕಡ್ಡಾಯ ಮಾಡಲು ಹೊರಟಿತು. ವಿಷಯ ಹೈಕೋರ್ಟಿಗೆ ಹೋಯಿತು, ಸರ್ಕಾರ ಹಿಂದೆ ಸರಿಯಿತು. 2017ರ ಜೂನಿನಲ್ಲಿ ಸಿದ್ದರಾಮಯ್ಯ ಸರ್ಕಾರ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಪ್ರಧಾನ ಕಾರ್ಯದರ್ಶಿ ಅಧ್ಯಕ್ಷತೆಯಲ್ಲಿ ಒಂಬತ್ತು ಜನರ ಸಮಿತಿ ಮಾಡಿತು. ಜುಲೈನಲ್ಲಿ ಸುದ್ದಿ ಹೊರಬಿದ್ದ ಮೇಲೆ ದೆಹಲಿ ಟಿವಿಗಳಲ್ಲಿ ಏನೆಲ್ಲ ಕಿರುಚಾಟ ಆಯಿತು ಅಂತ ನೆನಪಿರಬೇಕು, ಕರ್ನಾಟಕ ದೇಶ ಬಿಟ್ಟು ಹೋಗುತ್ತೆ ಅನ್ನೋ ಹಾಗೆ. ಸಮಿತಿ 2018ರ ಫೆಬ್ರವರಿಯಲ್ಲಿ ವರದಿ ಕೊಟ್ಟಿತು, ಮಾರ್ಚ್ 8ಕ್ಕೆ ಮುಖ್ಯಮಂತ್ರಿ ಹಳದಿ-ಬಿಳಿ-ಕೆಂಪು ನಾಡಧ್ವಜ ಬಿಡುಗಡೆ ಮಾಡಿದರು. ಒಪ್ಪಿಗೆಗೆ ಕೇಂದ್ರಕ್ಕೆ ಕಳಿಸುತ್ತೇವೆ ಅಂದರು. ಮೇ ತಿಂಗಳಲ್ಲಿ ಚುನಾವಣೆ. ಆ ಒಪ್ಪಿಗೆ ಬರಲೇ ಇಲ್ಲ. ಹಾಗಾಗಿ ನಿಮ್ಮ ಎರಡನೆಯವರು ಹೇಳುವ ‘ಅಧಿಕೃತ’ ಅನ್ನೋದು ಪ್ರಸ್ತಾವನೆಯ ಮಟ್ಟದಲ್ಲೇ ನಿಂತಿದೆ.

ನಾವೇ ಮೊದಲೂ ಅಲ್ಲ. 1970ರಲ್ಲಿ ತಮಿಳುನಾಡಿನಲ್ಲಿ ಕರುಣಾನಿಧಿ ಒಂದು ವಿನ್ಯಾಸ ಮುಂದಿಟ್ಟಿದ್ದರು, ಒಂದು ಮೂಲೆಯಲ್ಲಿ ರಾಷ್ಟ್ರಧ್ವಜ, ಇನ್ನೊಂದು ಮೂಲೆಯಲ್ಲಿ ಗೋಪುರದ ಲಾಂಛನ. ಅದೂ ಮುಂದೆ ಹೋಗಲಿಲ್ಲ. ಕಾನೂನಿನ ಬಲದಿಂದ ಸ್ವಂತ ಬಾವುಟ ಇದ್ದ ರಾಜ್ಯ ಜಮ್ಮು ಮತ್ತು ಕಾಶ್ಮೀರ ಒಂದೇ. ಕೆಂಪು ಬಟ್ಟೆ, ಬಿಳಿ ನೇಗಿಲು, ಪಕ್ಕದಲ್ಲಿ ಮೂರು ಬಿಳಿ ಗೆರೆ, ಮೂರು ಪ್ರಾಂತ್ಯಕ್ಕೆ ಮೂರು. 1952ರಲ್ಲಿ ಒಪ್ಪಿದ್ದು. ಆ ನೇಗಿಲು ಬಂದದ್ದು ನ್ಯಾಷನಲ್ ಕಾನ್ಫರೆನ್ಸ್ ಪಕ್ಷದ ಬಾವುಟದಿಂದ. ನಮ್ಮದೂ ಪಕ್ಷದಿಂದ ಬಂದದ್ದೇ ಅಂತ ಹಳೇಪೇಟೆಯವರು ಹೇಳಿದರಲ್ಲ, ಅದಕ್ಕೆ ಇದು ನೆನಪಾಯಿತು. 2019ರ ಆಗಸ್ಟಿನಲ್ಲಿ 370ನೇ ವಿಧಿ ಹೋದಾಗ ಆ ಬಾವುಟವೂ ಶ್ರೀನಗರದ ಸಚಿವಾಲಯದಿಂದ ಇಳಿಯಿತು. ಕಾನೂನು ಕೊಟ್ಟಿದ್ದನ್ನು ಕಾನೂನೇ ವಾಪಸ್ ತಗೊಂಡಿತು. ನಮ್ಮ ಹಳದಿ-ಕೆಂಪನ್ನು ವಾಪಸ್ ತಗೊಳ್ಳೋಕೆ ಯಾರ ಹತ್ತಿರವೂ ಕಾಗದ ಇಲ್ಲ.

ಮಲೆನಾಡ_ಮಳೆ:
ಕೊನೆ ಸಾಲು ಕೇಳೋಕೆ ಚೆನ್ನಾಗಿದೆ ಸಾರ್, ಆದರೆ ಹಾಗೆ ಅಂದ್ಕೊಂಡು ಕೂತ್ರೆ ಬಾವುಟಕ್ಕೆ ಮರ್ಯಾದೆಯೂ ಇರಲ್ಲ. ಸುಟ್ಟರೆ ಯಾವ ಸೆಕ್ಷನ್ ಹಾಕ್ತೀರಿ? ರಾಷ್ಟ್ರಧ್ವಜಕ್ಕೆ 1971ರ ಕಾಯ್ದೆ ಇದೆ. ಇದಕ್ಕೆ?

ಬೆಳಗಾವಿ_ಬಾಲೆ:
ಅಲ್ರೀ, ಈ ಪ್ರಶ್ನೆ ನಮ್ಮ ಕಡೆ ಬರೀ ಚರ್ಚೆಗೆ ಕೇಳೋದಲ್ಲ. 2021ರ ಡಿಸೆಂಬರಿನಲ್ಲಿ ಕೊಲ್ಹಾಪುರದಲ್ಲಿ ಕನ್ನಡ ಬಾವುಟ ಸುಟ್ಟರು. ಅದರ ಬೆನ್ನಲ್ಲೇ ಇಲ್ಲಿ ಅನಗೋಳದಲ್ಲಿ ಸಂಗೊಳ್ಳಿ ರಾಯಣ್ಣನ ಮೂರ್ತಿಗೆ ಧಕ್ಕೆ ಮಾಡಿದರು. ಊರು ಕುದಿಯಿತು. ಡಿಸೆಂಬರ್ 31ಕ್ಕೆ ಬಂದ್ ಕರೆದು ಆಮೇಲೆ ವಾಪಸ್ ತಗೊಂಡರು. ಅದಕ್ಕೆ ಒಂದು ವರ್ಷ ಮುಂಚೆ, 2020ರ ಡಿಸೆಂಬರಿನಲ್ಲಿ, ಹೋರಾಟಗಾರರು ಮಹಾನಗರ ಪಾಲಿಕೆ ಎದುರಿಗೆ ಕಂಬ ನೆಟ್ಟು ಬಾವುಟ ಹಾರಿಸಿದ್ರು. ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕು ಅನ್ನೋ ಎಂಇಎಸ್‌ನವರು (ಮಹಾರಾಷ್ಟ್ರ ಏಕೀಕರಣ ಸಮಿತಿ) ತೆಗೀರಿ ಅಂತ ಗದ್ದಲ ಎಬ್ಬಿಸಿದ್ರು.

ಬೆಂಗಳೂರಿನಲ್ಲಿ ನಿಮಗೆ ನವೆಂಬರ್ ಒಂದು ಅಂದ್ರೆ ಆರ್ಕೆಸ್ಟ್ರಾ, ಊಟ. ಇಲ್ಲಿ ಅವತ್ತೇ ಇನ್ನೊಂದು ಗುಂಪು ಕರಾಳ ದಿನ ಅಂತ ಕಪ್ಪು ಪಟ್ಟಿ ಕಟ್ಟಿಕೊಂಡು ಮೆರವಣಿಗೆ ಹೊರಡುತ್ತೆ. ಇತ್ತ ಚನ್ನಮ್ಮ ವೃತ್ತದಲ್ಲಿ ಹಳದಿ-ಕೆಂಪು ಬಿಟ್ಟರೆ ಬೇರೆ ಬಣ್ಣ ಕಾಣಲ್ಲ, ಎಲ್ಲೆಲ್ಲಿಂದ ಹಳ್ಳಿ ಹುಡುಗರು ಟ್ರಾಕ್ಟರ್ ಹತ್ತಿ ಬರ್ತಾರೆ. ನಮ್ಮ ಮನೆ ಹಿಂದಿನ ಮರಾಠಿ ಕಾಕಾ, ನಮ್ಮ ಜೊತೆ ಕನ್ನಡದಲ್ಲೇ ಮಾತಾಡುವವರು, ಅವತ್ತು ಅಂಗಡಿ ತೆಗೆಯೋದೋ ಬೇಡವೋ ಅಂತ ನಮ್ಮಪ್ಪನ ಹತ್ತಿರ ಕೇಳಿ ತೀರ್ಮಾನ ಮಾಡ್ತಾರೆ. ಅದೂ ಇದೆ.

ಬಿಳಿ ಬಣ್ಣ ಸೇರಿಸಿದಾಗ ನಮ್ಮ ಕಡೆ ಎಷ್ಟು ಸಿಟ್ಟು ಬಂದಿತ್ತು ಗೊತ್ತಾ? ಯಾವ ಬಾವುಟ ಹಿಡಿದು ಹೊಡೆತ ತಿಂದೆವೋ ಅದನ್ನೇ ಬದಲಾಯಿಸೋಕೆ ನೀವ್ಯಾರು ಅಂತ ಕೇಳಿದವರಿದ್ದಾರೆ.

ಕೊಂಕು_ಮಾತು:
ಎಲ್ಲರೂ ಬಾವುಟಕ್ಕೆ ಆರತಿ ಎತ್ತುತ್ತಿದ್ದೀರಿ. ನಾನೊಂದು ಕೇಳ್ತೀನಿ. ಅದೇ ಹಳದಿ-ಕೆಂಪು ಶಾಲು ಹಾಕ್ಕೊಂಡು ಬಂದು ನವೆಂಬರ್ ಚಂದಾ ಅಂತ ಅಂಗಡಿ ಮುಂದೆ ನಿಲ್ಲುವವರ ಬಗ್ಗೆ ಏನು ಹೇಳ್ತೀರಿ? ನನ್ನದು ಸಣ್ಣ ಬೇಕರಿ. ರಸೀದಿ ಪುಸ್ತಕ ಹಿಡಿದು ಮೂರು ಮೂರು ಸಂಘದವರು ಬರ್ತಾರೆ, ಮೊತ್ತ ಅವರೇ ಬರೆದಿರ್ತಾರೆ. ಸರ್ಕಾರದ್ದು ಅಂತ ಆಗಿದ್ರೆ ಬಾವುಟದ ಹೆಸರಲ್ಲಿ ಕಂಡಕಂಡವರು ದುಡ್ಡು ಎತ್ತೋಕೆ ಆಗ್ತಿರಲಿಲ್ಲ.

ಕರಿಕೋಟು:
ಬೆದರಿಸಿ ಚಂದಾ ಎತ್ತೋದು ಸುಲಿಗೆ. ಬಾವುಟ ಅಧಿಕೃತ ಆದ್ರೂ ಆಗದಿದ್ರೂ ಅದು ಸುಲಿಗೆಯೇ. ಪೊಲೀಸರಿಗೆ ದೂರು ಕೊಡಿ. ರಾಷ್ಟ್ರಧ್ವಜ ಕಾಯ್ದೆಯಲ್ಲಿ ಇದ್ದೂ ಅದನ್ನು ಕಾರಿಗೆ ಕಟ್ಟಿಕೊಂಡು ಏನೇನೋ ಮಾಡುವವರಿಲ್ವಾ? ಮಲೆನಾಡ ಮಳೆಯವರ ಪ್ರಶ್ನೆಗೂ ಹೇಳಿಬಿಡ್ತೀನಿ, 1971ರ ಕಾಯ್ದೆ ಕನ್ನಡ ಬಾವುಟಕ್ಕೆ ಅನ್ವಯ ಆಗಲ್ಲ. ಗುಂಪುಗಳ ನಡುವೆ ದ್ವೇಷ ಹುಟ್ಟಿಸೋದು, ಶಾಂತಿ ಕದಡೋದು, ಇಂಥ ಸೆಕ್ಷನ್‌ಗಳಲ್ಲೇ ಕೇಸು ಹಾಕಬೇಕು.

ಹ್ಯಾಲಿಫ್ಯಾಕ್ಸ್_ಹೈದ:
ಕೆನಡಾದ ನೋವಾ ಸ್ಕೋಷಿಯಾ ಪ್ರಾಂತ್ಯದಿಂದ ಬರೀತಿದ್ದೀನಿ. ಇಲ್ಲಿ ಪ್ರತಿ ಪ್ರಾಂತ್ಯಕ್ಕೂ ಬಾವುಟ ಇದೆ, ಅದರಿಂದ ದೇಶ ಒಡೆಯುತ್ತೆ ಅಂತ ಯಾರೂ ಚಿಂತೆ ಮಾಡಲ್ಲ (ಕ್ವಿಬೆಕ್ ಬಿಟ್ಟು, ಅದಕ್ಕೆ ಬರ್ತೀನಿ). ಅಧಿಕೃತ-ಅನಧಿಕೃತ ಅಂತ ಜಗಳ ಆಡುವವರಿಗೆ ಈ ನೋವಾ ಸ್ಕೋಷಿಯಾ ಕಥೆ ಹೇಳಲೇಬೇಕು.

ಇಲ್ಲಿನ ಬಾವುಟ ಬಿಳಿ ಬಟ್ಟೆಯ ಮೇಲೆ ನೀಲಿ ಓರೆ ಶಿಲುಬೆ. ಸ್ಕಾಟ್ಲೆಂಡ್ ಬಾವುಟದ ಬಣ್ಣ ಅದಲುಬದಲು ಮಾಡಿದ್ದು, ಯಾಕಂದ್ರೆ ನೋವಾ ಸ್ಕೋಷಿಯಾ ಅಂದ್ರೇನೇ ಹೊಸ ಸ್ಕಾಟ್ಲೆಂಡ್. ನಡುವೆ ಗುರಾಣಿ, ಅದು ಹಳದಿ, ಅದರಲ್ಲಿ ಕೆಂಪು ಸಿಂಹ. (ಹಳದಿ-ಕೆಂಪು ಇಲ್ಲೂ ಬಿಟ್ಟಿಲ್ಲ ನನ್ನನ್ನ!) 1858ರಿಂದ ಈ ಬಾವುಟ ಇದೆ ಅಂತ ಲೆಕ್ಕ. ಶಾಸನಸಭೆ ಮೇಲೆ, ಶಾಲೆ ಮೇಲೆ, ಬಂದರಿನಲ್ಲಿ, ಎಲ್ಲ ಕಡೆ ಹಾರ್ತಾ ಇತ್ತು. 2013ರಲ್ಲಿ 11 ವರ್ಷದ ಹುಡುಗಿಯೊಬ್ಬಳು ಏನೋ ಪ್ರಾಜೆಕ್ಟಿಗೆ ಮಾಹಿತಿ ಹುಡುಕುವಾಗ, ಈ ಬಾವುಟವನ್ನು ಪ್ರಾಂತ್ಯದ ಶಾಸನಸಭೆ ಯಾವತ್ತೂ ಕಾನೂನಿನಿಂದ ಒಪ್ಪಿಯೇ ಇಲ್ಲ ಅಂತ ಬಯಲಿಗೆ ಬಂತು. ಆಮೇಲೆ ಸರ್ಕಾರ ಆತುರಾತುರವಾಗಿ ಅದೇ ವರ್ಷ ಕಾಯ್ದೆ ಮಾಡಿತು. 155 ವರ್ಷ ಹಾರಿದ ಮೇಲೆ!

ಕ್ವಿಬೆಕ್ ಕಥೆ ಬೇರೆ ತರ. ಅಲ್ಲಿ ಫ್ರೆಂಚ್ ಮಾತಾಡೋ ಜನ. ತಮ್ಮ ಭಾಷೆ ಬಗ್ಗೆ ನಮ್ಮಂಗೇ ತಲೆಬಿಸಿ ಇರುವವರು, ಸ್ವಲ್ಪ ಜಾಸ್ತಿಯೇ. 1902ರಲ್ಲಿ ಒಬ್ಬ ಪಾದ್ರಿ ನೀಲಿ ಬಟ್ಟೆ, ಬಿಳಿ ಶಿಲುಬೆ, ನಾಲ್ಕು ಮೂಲೆಗೆ ನಾಲ್ಕು ಬಿಳಿ ಲಿಲಿ ಹೂವಿನ ಗುರುತು ಹಾಕಿ ಒಂದು ಬಾವುಟ ಮಾಡಿದ. ಸರ್ಕಾರದ್ದಲ್ಲ. ಜನ ಹಿಡಿದುಕೊಂಡು ಓಡಾಡಿದರು. ಕೆಲವರು ನಡುವೆ ಯೇಸುವಿನ ಪವಿತ್ರ ಹೃದಯದ ಚಿತ್ರ ಸೇರಿಸಿದರು. 1948ರ ಜನವರಿ 21ರಂದು ಅಲ್ಲಿನ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿ ಇದ್ದಂಗೆ) ಡುಪ್ಲೆಸಿ ಸಂಪುಟದ ಆದೇಶ ಹೊರಡಿಸಿ, ಅವತ್ತೇ ಮಧ್ಯಾಹ್ನ ಶಾಸನಸಭೆಯ ಗೋಪುರದಿಂದ ಬ್ರಿಟಿಷ್ ಬಾವುಟ ಇಳಿಸಿ ಇದನ್ನು ಏರಿಸಿಬಿಟ್ಟ. ಹೃದಯದ ಚಿತ್ರ ಬಿಟ್ಟರು, ಲಿಲಿಗಳನ್ನು ನೆಟ್ಟಗೆ ನಿಲ್ಲಿಸಿದರು, ಅಷ್ಟೇ ಬದಲಾವಣೆ. ಕಾಯ್ದೆ ಆಗಿದ್ದು ಎರಡು ವರ್ಷ ಬಿಟ್ಟು, 1950ರಲ್ಲಿ. ಜನರ ಕೈಯಲ್ಲಿದ್ದ ಬಾವುಟಕ್ಕೆ ಸರ್ಕಾರ ಏನನ್ನೂ ಸೇರಿಸಲಿಲ್ಲ, ಕಡಿಮೆ ಮಾಡಿತು. ನಮ್ಮ 2018ರ ಸಮಿತಿ ಉಲ್ಟಾ ಮಾಡಿತು ನೋಡಿ.

ಇನ್ನು ಒಂಟಾರಿಯೊದವರದ್ದು ಕೇಳಲೇಬೇಡಿ. 1965ರಲ್ಲಿ ದೇಶಕ್ಕೆ ಮೇಪಲ್ ಎಲೆಯ ಹೊಸ ಬಾವುಟ ಬಂತು. ಹಳೆಯದು ಹೋಯಿತಲ್ಲ ಅಂತ ಬೇಜಾರಾಗಿ, ಅದೇ ವರ್ಷ ಅದೇ ತರಹದ ಕೆಂಪು ಬಾವುಟವನ್ನು, ಮೂಲೆಯಲ್ಲಿ ಬ್ರಿಟಿಷ್ ಗುರುತಿನ ಸಮೇತ, ಪ್ರಾಂತ್ಯಕ್ಕೆ ಇಟ್ಟುಕೊಂಡರು. ನನ್ನ ಟೊರೊಂಟೊ ಗೆಳೆಯನಿಗೆ ತನ್ನ ಪ್ರಾಂತ್ಯದ ಬಾವುಟ ಗುರುತಿಸೋಕೇ ಬರಲ್ಲ. ಕಾಯ್ದೆ ಇದ್ದರೆ ಪ್ರೀತಿ ಬರುತ್ತೆ ಅನ್ನುವವರಿಗೆ ಹೇಳ್ತಿದ್ದೀನಿ.

ಮಲೆನಾಡ_ಮಳೆ:
ಕ್ವಿಬೆಕ್ ಉದಾಹರಣೆ ನನ್ನ ಪರವಾಗೇ ಇದೆಯಲ್ಲ. ಜನರ ಬಾವುಟವನ್ನು ಸರ್ಕಾರ ಧೈರ್ಯವಾಗಿ ಏರಿಸಿತು, ಆಮೇಲೆ ಕಾಯ್ದೆಯೂ ಮಾಡಿತು. ನಾನು ಕೇಳ್ತಿರೋದೂ ಅದನ್ನೇ. ಸರಿ, ಗಂಡಭೇರುಂಡ ಬಿಡ್ತೀನಿ, ಕಲಬುರಗಿಯವರು ಹೇಳಿದ್ದರಲ್ಲಿ ಹುರುಳಿದೆ. ಇದೇ ಎರಡು ಬಣ್ಣಕ್ಕೆ ಅಳತೆ, ಬಣ್ಣದ ನಂಬರ್ ಹಾಕಿ ವಿಧಾನಸಭೆಯಲ್ಲಿ ಒಂದು ನಿರ್ಣಯ ಮಾಡಲಿ. ಆಗ ಏನು ಕಳ್ಕೊಳ್ತೀವಿ?

ಕರಿಕೋಟು:
ನಿರ್ಣಯ ಮಾಡಿದರೆ ಅಡ್ಡಿಯಿಲ್ಲ. ದೆಹಲಿಗೆ ಫೈಲ್ ಕಳಿಸಿದ ದಿನದಿಂದ ಅಡ್ಡಿ ಶುರು. 2018ರಲ್ಲಿ ಆಗಿದ್ದೂ ಅದೇ. ಕಳಿಸಿ ಕೂತರು.

ಹಳೇಪೇಟೆ:
ನಾನು ಇದಕ್ಕೆ ಒಪ್ಪಲ್ಲ ಮಲೆನಾಡಿನವರೇ. ಸರ್ಕಾರದ ಬಾವುಟ ಆದ ದಿನ ಅದನ್ನು ಸರ್ಕಾರದ ವಿರುದ್ಧ ಹಿಡಿಯೋದು ಕಷ್ಟ ಆಗುತ್ತೆ. ಗೋಕಾಕ್ ಚಳವಳಿ ನಡೆದದ್ದು ಯಾರ ವಿರುದ್ಧ? ನಮ್ಮದೇ ರಾಜ್ಯ ಸರ್ಕಾರದ ಭಾಷಾ ನೀತಿಯ ವಿರುದ್ಧ. ಕಾವೇರಿ ಗಲಾಟೆಯಲ್ಲಿ, ಕನ್ನಡ ಶಾಲೆ ಮುಚ್ಚಿದಾಗ, ಕೆಲಸದ ಮೀಸಲಾತಿ ಕೇಳುವಾಗ ಜನ ವಿಧಾನಸೌಧದ ಕಡೆ ಮುಖ ಮಾಡಿ ಇದೇ ಬಾವುಟ ಹಿಡಿದಿದ್ದಾರೆ. ಅಳತೆ, ನಿಯಮ, ಎಲ್ಲಿ ಹಾರಿಸಬೇಕು, ಯಾರು ಹಾರಿಸಬೇಕು ಅಂತ ಬರೆದಿಟ್ಟ ಮೇಲೆ ನಾಳೆ ಪೊಲೀಸಿನವರು ಪ್ರತಿಭಟನೆಯಲ್ಲಿ ಅದನ್ನು ಹಿಡಿದಿದ್ದಕ್ಕೇ ಕೇಸು ಹಾಕಬಹುದು, ಆಟೋಗೆ ಕಟ್ಟಿದ್ದು ಮಾಸಿದೆ ಅಂತ ದಂಡ ಹಾಕಬಹುದು. ಮ. ರಾಮಮೂರ್ತಿ ಮಾಡಿದ್ದು ಬೀದಿಗೆ. ಕಂಬ ಎಷ್ಟೇ ದೊಡ್ಡದಿರಲಿ, ಸರ್ಕಾರಿ ಕಚೇರಿ ಮೇಲೆ ಏರಿಸಿ ಅಲ್ಲೇ ಕಟ್ಟಿಹಾಕಬೇಡಿ ಅಂತ ನನ್ನ ಮಾತು.

ಬೆಳಗಾವಿ_ಬಾಲೆ:
ಬೆಂಗಳೂರಿನಿಂದ ನೋಡಿದರೆ ನೀವು ಹೇಳೋದು ಸರಿ ಕಾಣುತ್ತೆ ಅಣ್ಣಾವರೇ. ಇಲ್ಲಿ ಪಾಲಿಕೆ ಮೇಲೆ ಹಾರಿದರೆ ಅದಕ್ಕೆ ಬೇರೆಯೇ ತೂಕ. ಅದನ್ನು ಕಟ್ಟಿಹಾಕೋದು ಅಂತ ನಾವು ನೋಡಲ್ಲ.

ಹಳೇಪೇಟೆ:
ಅದನ್ನು ಅಲ್ಲಗಳೆಯಲ್ಲ ತಂಗಿ. ಗಡಿಯಲ್ಲಿ ಇರುವವರ ಮಾತಿಗೆ ನನ್ನಂಥವನ ಮಾತಿಗಿಂತ ತೂಕ ಜಾಸ್ತಿ. ಆದರೂ ಕಾಯ್ದೆ ಬೇಡ ಅನ್ನೋದರಿಂದ ಹಿಂದೆ ಸರಿಯಲ್ಲ.

ಡಿಸೈನ್_ದೋಸೆ:
2021ರಲ್ಲಿ ಕೆನಡಾದ ಒಂದು ಆನ್‌ಲೈನ್ ಮಾರಾಟದ ಪುಟದಲ್ಲಿ ಈಜುಡುಗೆ ಮೇಲೆ ನಮ್ಮ ಬಾವುಟ ಹಾಕಿದ್ದಕ್ಕೆ ದೊಡ್ಡ ಗಲಾಟೆ ಆಯಿತಲ್ಲ, ನೆನಪಿದೆಯಾ? ಅದರಲ್ಲಿ ಹಳದಿ-ಕೆಂಪಿನ ಜೊತೆಗೆ ಲಾಂಛನವೂ ಇತ್ತು. ಕರ್ನಾಟಕದ ಬಾವುಟ ಅಂತ ಹುಡುಕಿದವನಿಗೆ ಎದುರಿಗೆ ಏನು ಸಿಕ್ಕಿತೋ ಅದನ್ನೇ ಅಂಟಿಸಿರಬೇಕು. ಇಲ್ಲಿ ಒಪ್ಪದಿದ್ದ ವಿನ್ಯಾಸ ಅಲ್ಲಿ ಬಟ್ಟೆಯ ಮೇಲೆ! ನಾವೇ ಒಂದು ಸರಿಯಾದ ಚಿತ್ರ ಇಟ್ಟುಕೊಳ್ಳದಿದ್ದರೆ ಬೇರೆಯವರು ಇಟ್ಟದ್ದೇ ನಮ್ಮದಾಗುತ್ತೆ. ಅದಕ್ಕೆ ನಾನು ಅಳತೆ ಬೇಕು ಅನ್ನೋದು, ಕಾಯ್ದೆ ಬೇಕು ಅಂತಲ್ಲ.

ಜಯನಗರ_ಜಂಗಮ:
ಇಷ್ಟೊಂದು ಬರೀತೀರಿ ಅಂತ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಕರಿಕೋಟು ಸಾರ್ ಬರೆದದ್ದನ್ನು ಹಾಗೇ ಗುಂಪಿಗೆ ಹಾಕ್ತೀನಿ. ಟೈಲರ್ ಅವರೇ, ಹೋದ ಸಲ ರೆಡಿಮೇಡ್ ತಂದಿದ್ದೆವು, ನವೆಂಬರ್ ಮಳೆಗೆ ಕೆಂಪು ಬಣ್ಣ ಬಿಟ್ಟು ಹಳದಿಗೆಲ್ಲ ಹತ್ತಿತ್ತು. ಬಟ್ಟೆ ತರುವಾಗ ಏನು ನೋಡಬೇಕು?

ಟೈಲರ್_ಮಗ:
ಅಂಗಡಿಯಲ್ಲೇ ಬಿಳಿ ಕರ್ಚೀಫ್ ಒದ್ದೆ ಮಾಡಿ ಕೆಂಪು ಬಟ್ಟೆ ಮೇಲೆ ಚೆನ್ನಾಗಿ ಉಜ್ಜಿ ನೋಡಿ. ಬಣ್ಣ ಹತ್ತಿದರೆ ಬೇಡ, ಅಂಗಡಿಯವರು ಮುಖ ಸಿಂಡರಿಸಿದರೂ ಪರವಾಗಿಲ್ಲ. ಪಾಪ್ಲಿನ್ ಆದ್ರೆ ಹೊಲಿಯೋಕೆ ಮುಂಚೆ ಕೆಂಪನ್ನು ಬೇರೆಯಾಗಿ ಉಪ್ಪು ನೀರಿನಲ್ಲಿ ನೆನೆಸಿ, ನೀರು ತಿಳಿ ಆಗೋ ತನಕ ಜಾಲಿಸಿ, ನೆರಳಲ್ಲಿ ಒಣಗಿಸಿ. ಹಳದಿಗೂ ಒಂದು ಸಲ ನೀರು ತೋರಿಸಿ, ಇಲ್ಲದಿದ್ರೆ ಆಮೇಲೆ ಒಂದು ಪಟ್ಟಿ ಕುಗ್ಗಿ ಇನ್ನೊಂದು ಜೋತುಬೀಳುತ್ತೆ. ಎರಡು ಮಡಿಕೆ ಹೊಲಿಗೆ ಹಾಕಿ ಅಂತ ಟೈಲರಿಗೆ ಬಾಯಿ ಬಿಟ್ಟು ಹೇಳಿ, ಸೀಸನ್ನಿನಲ್ಲಿ ಯಾರೂ ತಾವಾಗಿ ಹಾಕಲ್ಲ. ಅಕ್ಟೋಬರ್ 20ರ ಒಳಗೆ ಕೊಟ್ಟುಬಿಡಿ, ಆಮೇಲೆ ನಮ್ಮಪ್ಪನೂ ಒಪ್ಪಲ್ಲ.